ರಂಟಿ ಮೇಲಿನ ಹೆಸರು ಯಾರ ಆಸ್ತಿ?

ಹೊರ್ತಿ: ವಿಜಯಪುರ-ಸೊಲ್ಲಾಪುರ ರಸ್ತೆಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಅಂಗಡಿ ಬೋರ್ಡುಗಳನ್ನು ಓದುತ್ತ ಹೋಗ್ರಿ. ಹೆಚ್ಚಿನವು ದೇವರ ಹೆಸರು. ದೇವರು ಎಲ್ಲರವನು, ಯಾರ ತಕರಾರೂ ಇಲ್ಲ. ಆದರೆ ಈ ಭಾಗದ ಒಬ್ಬ ಅಂಗಡಿಕಾರ (ಹೆಸರು ಬೇಡ) ಲಿಂಬಿ ಉಪ್ಪಿನಕಾಯಿಗೆ ತನ್ನ ಮನೆತನದ ಹೆಸರಿಟ್ಟು ವರ್ಷಗಟ್ಟಲೆ ಮಾರಿ ಗಿರಾಕಿ ಕಟ್ಟಿಕೊಂಡಿದ್ದಾನೆ. ಈಗ ಇನ್ನೊಬ್ಬ ಅದೇ ಹೆಸರಿನ ಚೀಟಿ ಅಂಟಿಸಿ ಬಾಟಲಿ ಮಾರುತ್ತಿದ್ದಾನೆ. ಏನು ಮಾಡಬೇಕು ಅಂತ ನಮ್ಮವ ಕೇಳಿದಾಗ ಕಾನೂನಿಗಿಂತ ಮೊದಲು ನೆನಪಾದವರು ಲಕ್ಷ್ಮಣರಾವ್ ಕಿರ್ಲೋಸ್ಕರ್. ತೋಟದ ಪಂಪಿನ ಮೇಲೆ ದಿನಾ ಕಾಣೋ ಹೆಸರು, ಮನುಷ್ಯ ಯಾರೆಂದು ಕೇಳಿದರೆ ಹೇಳುವವರು ಕಡಿಮೆ.

ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಶಾಲೆಯ ಪಾಠಕ್ಕಿಂತ ಚಿತ್ರ, ಯಂತ್ರಗಳ ಮೇಲೇ ಜೀವ. ಚಿತ್ರ ಕಲಿಯಲು ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರೆ ಕಣ್ಣು ಬಣ್ಣ ಗುರುತಿಸದೆ ಕೈಕೊಟ್ಟಿತು. ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ತೆಗೆಯೋದು ಕಲಿತರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಮಾಸ್ತರರಾದರು. ತಮಗೆ ಬರಬೇಕಾದ ಬಡ್ತಿ ಇನ್ನೊಬ್ಬರ ಪಾಲಾದಾಗ ನೌಕರಿಗೆ ಕೈಮುಗಿದು ಬೆಳಗಾವಿ ದಾರಿ ಹಿಡಿದರು.

ಅಣ್ಣ ರಾಮುಅಣ್ಣನ ಜೊತೆ ಅಲ್ಲಿ ಸೈಕಲ್ ವ್ಯಾಪಾರ. 1888ನ್ನೇ ಕಂಪನಿ ಹುಟ್ಟಿದ ವರ್ಷ ಎನ್ನುತ್ತಾರೆ. ಅಂಗಡಿ ಹೆಸರು ಕಿರ್ಲೋಸ್ಕರ್ ಬ್ರದರ್ಸ್, ಅಂದರೆ ಅಣ್ಣ ತಮ್ಮ ಅಂತ, ಅಷ್ಟೇ. ಅಂಗಡಿ ಇದ್ದ ರಸ್ತೆಗೆ ಇವತ್ತೂ ಕಿರ್ಲೋಸ್ಕರ್ ರಸ್ತೆ ಎಂದೇ ಹೆಸರು. ಸೈಕಲ್ಲಿನಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ ಕಬ್ಬಿಣದ ರಂಟಿಗೆ ಬಂದರು. ಕಷ್ಟ ಶುರುವಾದದ್ದು ಇಲ್ಲೇ. ಕಬ್ಬಿಣ ತಾಗಿದರೆ ಭೂಮಿತಾಯಿಗೆ ವಿಷ ಏರುತ್ತದೆ ಅಂತ ರೈತರ ನಂಬಿಕೆ. ಮೊದಮೊದಲ ರಂಟಿ ಮಾರಲು ಎರಡು ವರ್ಷ ಹಿಡಿದವು! ನಮ್ಮ ಎರೆಭೂಮಿಯಲ್ಲಿ ಕರಿಕಿ ಬೇರು ಎಷ್ಟು ಆಳ ಇಳಿದಿರುತ್ತದೆ ಅಂತ ಬಲ್ಲವರಿಗೆ ಕಬ್ಬಿಣದ ರಂಟಿಯ ಬೆಲೆ ಹೇಳಬೇಕಿಲ್ಲ. ಆದರೆ ಆ ಬೆಲೆ ಗೊತ್ತಾಗಬೇಕಾದರೆ ಮೊದಲು ಯಾರೋ ಹೊಲಕ್ಕೆ ಇಳಿಸಬೇಕಲ್ಲ!

ಹೊಸ ಬಡಾವಣೆಗೆಂದು ಬೆಳಗಾವಿ ಪುರಸಭೆ ಕಾರ್ಖಾನೆಯ ಜಾಗ ಬಿಡಿಸಿತು. ಆಗ ಆಸರೆ ಕೊಟ್ಟವರು ಔಂಧ ಸಂಸ್ಥಾನದ ರಾಜರು. ಕುಂಡಲ ರೋಡ್ ಸ್ಟೇಷನ್ ಹತ್ತಿರ ಪಾಪಾಸುಕಳ್ಳಿ ಬೆಳೆದ 32 ಎಕರೆ ಬಂಜರು, ಜೊತೆಗೆ 10,000 ರೂಪಾಯಿ ಸಾಲ. 1910ರಲ್ಲಿ ಅಲ್ಲಿ ಎದ್ದ ಊರೇ ಕಿರ್ಲೋಸ್ಕರವಾಡಿ. ಅಂಗಡಿ ಬೋರ್ಡಿನ ಹೆಸರು ಊರಿನ ಹೆಸರಾಯಿತು. 1920ರಲ್ಲಿ ಮನೆತನದವರು ಮರಾಠಿಯಲ್ಲಿ ಒಂದು ಪತ್ರಿಕೆ ತೆಗೆದರು, ಅದಕ್ಕೂ ಅದೇ ಹೆಸರು. ರಂಟಿ ಕೊಳ್ಳದವನ ಮನೆಯೊಳಗೂ ಹೆಸರು ಹೊಕ್ಕಿತು.

ಇಲ್ಲಿ ಅಂಗಡಿಕಾರರು ಒಂದಿಷ್ಟು ಲಕ್ಷ್ಯ ಕೊಡಬೇಕು. ಇಷ್ಟೆಲ್ಲ ಆಗುವಾಗ ನಮ್ಮ ದೇಶದಲ್ಲಿ ಟ್ರೇಡ್‌ಮಾರ್ಕ್ ನೋಂದಣಿಯ ಕಾಯ್ದೆಯೇ ಇರಲಿಲ್ಲ. ಕಾಯ್ದೆ ಬಂದದ್ದು 1940ರಲ್ಲಿ. ಆಗ ಲಕ್ಷ್ಮಣರಾಯರಿಗೆ 70 ದಾಟಿತ್ತು. ಅಷ್ಟು ದಿನ ಹೆಸರನ್ನು ಕಾದದ್ದು ಮಾಲಿನ ಗುಣ, ಬಹಳ ಆದರೆ ಕೋರ್ಟಿನ ದಾವೆ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಆದವು. ಅವರು ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು. 1969ರಲ್ಲಿ, ಹುಟ್ಟಿ ನೂರು ವರ್ಷಕ್ಕೆ, ಸರ್ಕಾರ ಅಂಚೆಚೀಟಿ ತಂದಿತು.

ಆಮೇಲೆ ಹೆಸರು ಕಾಯಲಿಕ್ಕೇ ಮನೆತನ ಒಂದು ಕಂಪನಿ ಮಾಡಬೇಕಾಯಿತು. 1990ರ ದಶಕದಲ್ಲಿ ಬೇರೆಯವರು ಅದೇ ಹೆಸರಿನಲ್ಲಿ ಕಂಪನಿ ತೆರೆದಾಗ ಜಗಳ ಮುಂಬೈ ಹೈಕೋರ್ಟಿಗೆ ಹೋಯಿತು. ಧಂದೆ ಬೇರೆಯಾದರೂ ಜನ ಆ ಹೆಸರು ಕೇಳಿ ಮೋಸಹೋಗಬಹುದೆಂದು ಕೋರ್ಟು ತಡೆಯಾಜ್ಞೆಯನ್ನೇ ಎತ್ತಿಹಿಡಿಯಿತು. ಹರಿಹರದ ಕಾರ್ಖಾನೆ ಮುಚ್ಚಿಹೋಗಿದೆ. ಹೆಸರು ಮಾತ್ರ ಇನ್ನೂ ಮಾರುಕಟ್ಟೆಯಲ್ಲಿದೆ.

ಉಪ್ಪಿನಕಾಯಿಯವನ ಕಥೆಗೆ ಬರೋಣ. ಈಗ ನಡೆಯುವುದು 1999ರ ಕಾಯ್ದೆ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ, ಕಂಪ್ಯೂಟರಿನಲ್ಲೇ ಹಾಕಬಹುದು. ಒಂಟಿ ವ್ಯಾಪಾರಿಗೆ, ಸಣ್ಣ ಉದ್ದಿಮೆಗೆ ಒಂದು ವರ್ಗದ ಸರಕಿಗೆ ಶುಲ್ಕ 4,500 ರೂಪಾಯಿ. ಅರ್ಜಿ ಒಪ್ಪಿಗೆಯಾದರೆ ಸರ್ಕಾರಿ ಜರ್ನಲ್ಲಿನಲ್ಲಿ ಅಚ್ಚಾಗುತ್ತದೆ, ತಕರಾರಿಗೆ 4 ತಿಂಗಳು ಗಡುವು. ನೋಂದಣಿ 10 ವರ್ಷಕ್ಕೆ, ಮತ್ತೆ ಮತ್ತೆ ನವೀಕರಿಸಬಹುದು. ನೋಂದಣಿ ಆಗದೆಯೇ ವೃತ್ತದೊಳಗಿನ ಆರ್ ಅಕ್ಷರ ಛಾಪಿಸಿದರೆ 2024ರ ತನಕ 3 ವರ್ಷದವರೆಗೆ ಜೈಲು ಆಗಬಹುದಿತ್ತು, ಈಗ ದಂಡ ಬೀಳುತ್ತದೆ. ಚೀಟಿ ಅಚ್ಚು ಹಾಕಿಸುವವರು ಈ ಮಾತು ಕೇಳಿಸಿಕೊಳ್ಳೋದೇ ಇಲ್ಲ.

ಇನ್ನೊಬ್ಬ ಮೊದಲೇ ನೋಂದಣಿ ಮಾಡಿಸಿಬಿಟ್ಟರೂ, ಅವನಿಗಿಂತ ಹಿಂದಿನಿಂದ ಬಿಡದೆ ಆ ಹೆಸರು ಬಳಸಿದವನನ್ನು ಅವನು ತಡೆಯಲಾರ. ಆದರೆ ಬಳಸಿದ್ದಕ್ಕೆ ಪುರಾವೆ ಬೇಕು: ತಾರೀಖು ಇರೋ ಬಿಲ್ಲು, ಜಾಹೀರಾತು, ಅಚ್ಚುಮನೆಯ ರಸೀದಿ. ನಮ್ಮವನ ಹಳೇ ಬಿಲ್ಲುಗಳ ಬಗ್ಗೆ ವಿಚಾರಿಸಿದೆ. ಹೋದ ದೀಪಾವಳಿಗೆ ಅಂಗಡಿ ಸುಣ್ಣ ಹೊಡೆಸುವಾಗ ಎಲ್ಲ ರದ್ದಿಗೆ ಹೋದವಂತೆ. ಅಚ್ಚುಮನೆಯಲ್ಲಿ ಏನಾದರೂ ಪ್ರತಿ ಉಳಿದಿದೆಯೋ ನೋಡಲು ನಿನ್ನೆ ಬೆಳಿಗ್ಗೆ ಬಸ್ಸಿಗೆ ವಿಜಯಪುರಕ್ಕೆ ಹೋಗಿದ್ದಾನೆ.