ಮಗ್ಗದ ಮುಂದೆ ನೆನಪಾದ ವಿಶ್ವೇಶ್ವರಯ್ಯ

ಬಿ.ಕಾಂ ಮುಗಿಸಿ ಹೋದ ಮೊದಲ ಸಂದರ್ಶನದಲ್ಲೇ ಸಿಕ್ಕಿಬಿದ್ದೆ. ನಾನೇ ಬಗೆಹರಿಸಿದ ಒಂದು ಸಮಸ್ಯೆಯ ಬಗ್ಗೆ ಹೇಳಲು ಕೇಳಿದರು. ರೆಸ್ಯೂಮೆಯಲ್ಲಿ ‘ಪ್ರಾಬ್ಲಂ ಸಾಲ್ವಿಂಗ್’ ಎಂದು ಬರೆದುಕೊಂಡಿದ್ದ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಕೆಲಸವೂ ಸಿಗಲಿಲ್ಲ.

ಅದಾದ ಮೇಲೆ ಒಂದು ಭಾನುವಾರ ಗೆಳೆಯರ ಜತೆ ಮುದ್ದೇನಹಳ್ಳಿಗೆ ಹೋಗಿದ್ದೆ. ನಮ್ಮ ದೊಡ್ಡಬಳ್ಳಾಪುರದಿಂದ ನಂದಿ ಬೆಟ್ಟದ ಆಚೆಗಿರುವ ಊರು. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ್ದು ಅಲ್ಲೇ. ಕನ್ನಂಬಾಡಿ ಕಟ್ಟೆ, ಮೈಸೂರಿನ ದಿವಾನಗಿರಿ, 1955ರ ಭಾರತ ರತ್ನ ಎಲ್ಲವೂ ನನಗೆ ಬಾಯಿಪಾಠ. ಆದರೆ ಅವರು ಸಮಸ್ಯೆಗಳನ್ನು ಬಿಡಿಸುತ್ತಿದ್ದ ಬಗೆಯನ್ನು ಯೋಚಿಸಿರಲಿಲ್ಲ. ಊರಿಗೆ ಬಂದವನೇ ಲೈಬ್ರರಿಯಲ್ಲಿ ಅವರ ಜೀವನಚರಿತ್ರೆ ಹುಡುಕಿ ಓದಿದೆ.

ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡವರು ಅವರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಕೊಡಬೇಕಿತ್ತು. ಸಿಂಧೂ ನದಿಯ ನೀರು ಕೆಸರು. ಅದನ್ನು ಸೋಸುವ ಘಟಕ ಕಟ್ಟಲು ಪುರಸಭೆಯ ಬಳಿ ಹಣವಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಜಿನುಗಿ ಬಂದ ನೀರು ತಾನಾಗಿಯೇ ತಿಳಿಯಾಗಿತ್ತು.

ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮಳೆಗಾಲದ ನೀರು ಕೋಡಿ ಹರಿದು ಹೋಗುತ್ತಿತ್ತು. ಅವರು ಅಣೆಕಟ್ಟೆಯನ್ನು ಎತ್ತರಿಸಲು ಹೋಗದೆ, 1903ರಲ್ಲಿ ಕೋಡಿಯ ಮೇಲೆ ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಿದರು. ನೀರು ಮಟ್ಟ ಮೀರಿದಾಗ ಗೇಟು ತಾನೇ ತೆರೆಯುತ್ತಿತ್ತು, ಇಳಿದಾಗ ತಾನೇ ಮುಚ್ಚುತ್ತಿತ್ತು.

1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿತು. ನಿಜಾಮರ ಸರ್ಕಾರ ಅವರನ್ನು ಕರೆಸಿತು. ಅವರ ಕಣ್ಣು ಹೋದದ್ದು ಊರಿನ ಮೇಲ್ಭಾಗಕ್ಕೆ. ನೀರು ಬರುವಲ್ಲೇ ತಡೆದು ನಿಲ್ಲಿಸಲು ಎರಡು ಜಲಾಶಯಗಳನ್ನು ಸೂಚಿಸಿದರು. ಮುಂದೆ ಕಟ್ಟಿದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು.

ಮೂರೂ ಕಡೆ ಕಂಡದ್ದು ಒಂದೇ ಗುಣ. ತೊಂದರೆ ಕಾಣಿಸಿದ ಜಾಗದಲ್ಲೇ ನಿಲ್ಲದೆ, ಅದು ಎಲ್ಲಿ ಶುರುವಾಗುತ್ತದೆ, ಕೈಯಲ್ಲಿ ಈಗಾಗಲೇ ಏನಿದೆ ಎಂದು ಅವರು ಮೊದಲು ನೋಡುತ್ತಿದ್ದರು.

ಆಗ ನಮ್ಮ ಮನೆಯಲ್ಲೂ ಒಂದು ತೊಂದರೆಯಿತ್ತು. ನಮ್ಮದು ವಿದ್ಯುತ್ ಮಗ್ಗದ ಮನೆ. ತಿಂಗಳಿಂದ ಹಾಸಿನ ಎಳೆ ಪದೇ ಪದೇ ಕಡಿಯುತ್ತಿತ್ತು. ನೂಲು ಸರಿಯಿಲ್ಲವೆಂದು ಅಪ್ಪ ಹಳೆಯ ವ್ಯಾಪಾರಿಯ ಜತೆ ಜಗಳವಾಡಿ, ಬೇರೆಯವರಿಂದ ಸಾಲಕ್ಕೆ ನೂಲು ತಂದರು. ಅದೂ ಕಡಿಯಿತು.

ನಾನು ಒಂದು ನೋಟ್‌ಬುಕ್ ಹಿಡಿದು ಮಗ್ಗದ ಪಕ್ಕ ಕೂತೆ. ಎಳೆ ಕಡಿದಾಗಲೆಲ್ಲ ಎಲ್ಲಿ ಕಡಿಯಿತೆಂದು ಗುರುತು ಮಾಡಿದೆ. ನಾಲ್ಕನೇ ದಿನ ನೋಡಿದರೆ ಹೆಚ್ಚಿನ ಗುರುತುಗಳು ಎಡಗಡೆಯ ಒಂದೇ ಜಾಗದಲ್ಲಿದ್ದವು. ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಂಥ ಭಾಗದಲ್ಲಿ ಒಂದು ಉಕ್ಕಿನ ಹಲ್ಲು ಒರಟಾಗಿತ್ತು. ಅದನ್ನು ಸರಿಮಾಡಿಸಿದ ಮೇಲೆ ಎಳೆ ಕಡಿಯುವುದು ಬಹುತೇಕ ನಿಂತಿತು. ಅಪ್ಪ ಏನೂ ಹೇಳಲಿಲ್ಲ. ಸಂಜೆ ಅಂಗಿ ಹಾಕಿಕೊಂಡು ಹಳೆಯ ವ್ಯಾಪಾರಿಯ ಅಂಗಡಿಗೆ ಹೋದರು.

ನನಗಿನ್ನೂ ಕೆಲಸ ಸಿಕ್ಕಿಲ್ಲ. ರೆಸ್ಯೂಮೆಯಿಂದ ‘ಪ್ರಾಬ್ಲಂ ಸಾಲ್ವಿಂಗ್’ ಎಂಬ ಪದವನ್ನೂ ತೆಗೆದಿದ್ದೇನೆ. ಮುಂದಿನ ಸಂದರ್ಶನದಲ್ಲಿ ಯಾರಾದರೂ ಆ ಪ್ರಶ್ನೆ ಕೇಳಿದರೆ, ನಮ್ಮ ಮಗ್ಗದ ಕಥೆ ಹೇಳುತ್ತೇನೆ.