ಚಾರ್ಲ್ಸ್ ಡಿಕನ್ಸನೂ ಕ್ರಿಸ್‌ಮಸ್ ಹಬ್ಬವೂ

ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂದು ನಮ್ಮ ಹಿರಿಯರು ಹೇಳುತ್ತಾರೆ. ಹಬ್ಬಗಳ ಮೂಲವನ್ನೂ ಈ ಸಾಲಿಗೆ ಸೇರಿಸಬಹುದೆಂದು ತೋರುತ್ತದೆ. ನಮ್ಮ ಸಂಕ್ರಾಂತಿಯನ್ನೇ ತೆಗೆದುಕೊಳ್ಳೋಣ. ಅದು ಸೂರ್ಯನ ಹಬ್ಬವೋ, ಸುಗ್ಗಿಯ ಹಬ್ಬವೋ, ದನಕರುಗಳ ಹಬ್ಬವೋ, ಎಳ್ಳುಬೆಲ್ಲ ಬೀರುವ ಹೆಣ್ಣುಮಕ್ಕಳ ಹಬ್ಬವೋ ಎಂದು ಕೇಳಿದರೆ ಎಲ್ಲಕ್ಕೂ ಹೌದೆನ್ನಬೇಕಾಗುತ್ತದೆ. ಇಂಗ್ಲಿಷ್ ಮಾತನಾಡುವ ನಾಡುಗಳ ಕ್ರಿಸ್‌ಮಸ್ ಹಬ್ಬವೂ ಇಂಥದೇ. ಆದರೆ ಅದಕ್ಕೊಂದು ವಿಶೇಷವುಂಟು. ಇಂದು ಆ ಹಬ್ಬಕ್ಕಿರುವ ರೂಪದಲ್ಲಿ ಒಬ್ಬ ಕಾದಂಬರಿಕಾರನ ಲೇಖನಿಯ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಆತನೇ ಚಾರ್ಲ್ಸ್ ಡಿಕನ್ಸ್. ಆತನ ಕಾದಂಬರಿಗಳನ್ನು ಪರೀಕ್ಷೆಗಾಗಿ ಓದುವವರು ನಮ್ಮಲ್ಲಿ ಅನೇಕರುಂಟು. ಆತನ ಬಾಳನ್ನು ಈ ಹಬ್ಬದೊಡನೆ ಸೇರಿಸಿ ನೋಡುವುದು ಈ ಲೇಖನದ ಉದ್ದೇಶ.

ಯೇಸುಕ್ರಿಸ್ತನು ಹುಟ್ಟಿದ ದಿನ ಯಾವುದೆಂಬುದನ್ನು ಸುವಾರ್ತೆಗಳು ತಿಳಿಸುವುದಿಲ್ಲ. ಡಿಸೆಂಬರ್ ೨೫ನ್ನು ಆ ದಿನವೆಂದು ರೋಮಿನಲ್ಲಿ ಗಣಿಸುತ್ತಿದ್ದುದಕ್ಕೆ ದೊರೆಯುವ ಮೊದಲ ದಾಖಲೆ ಕ್ರಿ. ಶ. ೩೩೬ಕ್ಕೆ ಸಂಬಂಧಿಸಿದ್ದು. ಉತ್ತರದ ದೇಶಗಳಲ್ಲಿ ಹಗಲು ತೀರ ಮೊಟಕಾಗಿ ಮತ್ತೆ ಬೆಳೆಯತೊಡಗುವ ಕಾಲವದು. ನಮ್ಮ ಉತ್ತರಾಯಣದ ಕಲ್ಪನೆಯೂ ಇದೇ ಸೂರ್ಯಗತಿಯಿಂದ ಬಂದುದಷ್ಟೆ. ರೋಮನರು ಡಿಸೆಂಬರಿನಲ್ಲಿ ಸ್ಯಾಟರ್ನ್ ದೇವತೆಯ ಹಬ್ಬ ಮಾಡುತ್ತಿದ್ದರು; ಕಾಣಿಕೆಗಳನ್ನು ಕೊಟ್ಟು ಕೊಳ್ಳುತ್ತಿದ್ದರು; ಆಗ ಗುಲಾಮರಿಗೂ ಒಡೆಯರ ಔತಣ ದೊರೆಯುತ್ತಿತ್ತು. ಉತ್ತರ ಯೂರೋಪಿನ ಜನರು ಅದೇ ಚಳಿಗಾಲದಲ್ಲಿ ಯೂಲ್ ಎಂಬ ಹಬ್ಬವನ್ನು ಆಚರಿಸುತ್ತಿದ್ದರು. ಮನೆಯ ಒಲೆಯಲ್ಲಿ ದೊಡ್ಡ ಮರದ ಕೊರಡನ್ನಿಟ್ಟು ಉರಿಸುವುದು, ಎಲೆಯುದುರದ ಹಸಿರು ಕೊಂಬೆಗಳಿಂದ ಮನೆಯನ್ನು ಅಲಂಕರಿಸುವುದು, ಹನ್ನೆರಡು ದಿನಗಳ ಕಾಲ ಹಾಡು ಕುಣಿತ ವೇಷಗಳಲ್ಲಿ ಕಳೆಯುವುದು ಇವೆಲ್ಲ ಹಳೆಯ ಇಂಗ್ಲೆಂಡಿನ ಪದ್ಧತಿಗಳು.

ಹದಿನೇಳನೆಯ ಶತಮಾನದಲ್ಲಿ ಈ ಹಬ್ಬಕ್ಕೆ ದೊಡ್ಡ ಕಂಟಕ ಬಂದಿತು. ಬೈಬಲಿನಲ್ಲಿ ಇದಕ್ಕೆ ಆಧಾರವಿಲ್ಲ, ಇದು ಕುಡಿತಕ್ಕೂ ಜೂಜಿಗೂ ನೆಪವೆಂದು ಪ್ಯೂರಿಟನ್ ಪಂಥದವರು ವಾದಿಸಿದರು. ಅವರ ಪ್ರಾಬಲ್ಯವಿದ್ದ ಪಾರ್ಲಿಮೆಂಟು ೧೬೪೭ರಲ್ಲಿ ಹಬ್ಬವನ್ನೇ ರದ್ದುಮಾಡಿತು. ಸಮುದ್ರದಾಚೆ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ೧೬೫೯ರಿಂದ ೧೬೮೧ರವರೆಗೆ, ಹಬ್ಬ ಮಾಡಿದವನಿಗೆ ಐದು ಷಿಲಿಂಗ್ ಜುಲ್ಮಾನೆ ವಿಧಿಸುವ ಕಾನೂನಿತ್ತು. ಸ್ಕಾಟ್ಲೆಂಡಿನಲ್ಲಂತೂ ಕ್ರಿಸ್‌ಮಸ್ ದಿನ ಸಾರ್ವಜನಿಕ ರಜವಾದುದು ೧೯೫೮ರಲ್ಲಿ! ಇಂಗ್ಲೆಂಡಿನಲ್ಲಿ ೧೬೬೦ರಲ್ಲಿ ರಾಜನು ಹಿಂದಿರುಗಿದಾಗ ಹಬ್ಬವೂ ಹಿಂದಿರುಗಿತು. ಆದರೆ ಹಳ್ಳಿಯ ಜನರು ಹೊಟ್ಟೆಪಾಡಿಗಾಗಿ ಹೊಸ ಕಾರ್ಖಾನೆಗಳ ಪಟ್ಟಣಗಳಿಗೆ ವಲಸೆಹೋದ ಮೇಲೆ, ಹನ್ನೆರಡು ದಿನ ಕುಣಿಯಲು ಯಾವ ಮಾಲೀಕನು ಬಿಟ್ಟಾನು? ಹತ್ತೊಂಬತ್ತನೆಯ ಶತಮಾನದ ಆರಂಭದ ವೇಳೆಗೆ ಹಳೆಯ ಸಂಭ್ರಮ ಬಹಳಮಟ್ಟಿಗೆ ಬಡವಾಗಿತ್ತು.

ಇಂಥ ಕಾಲದಲ್ಲಿ, ೧೮೧೨ನೆಯ ಇಸವಿ ಫೆಬ್ರವರಿ ೭ರಂದು, ಪೋರ್ಟ್ಸ್‌ಮತ್ ಬಂದರಿನಲ್ಲಿ ಚಾರ್ಲ್ಸ್ ಡಿಕನ್ಸ್ ಹುಟ್ಟಿದನು. ತಂದೆ ಜಾನ್ ಡಿಕನ್ಸ್ ನೌಕಾದಳದ ಸಂಬಳ ಬಟವಾಡೆಯ ಕಛೇರಿಯಲ್ಲಿ ಗುಮಾಸ್ತ. ಮಾತುಗಾರ, ಸ್ನೇಹಜೀವಿ, ಆದರೆ ಆದಾಯಕ್ಕೆ ಮೀರಿದ ಖರ್ಚು ಆತನ ಕೈಗೆ ಅಂಟಿದ ಜಾಡ್ಯ. ಎಂಟು ಮಕ್ಕಳಲ್ಲಿ ಚಾರ್ಲ್ಸ್ ಎರಡನೆಯವನು. ಚಾಥಂ ಎಂಬ ಊರಿನಲ್ಲಿ ಕೆಲವು ವರ್ಷ ಸುಖವಾಗಿ ಬೆಳೆದ. ಆತನ ಬಾಲ್ಯದ ಆ ದಶಕ ಇಂಗ್ಲೆಂಡಿನಲ್ಲಿ ಅಸಾಧಾರಣ ಚಳಿಯದು. ಮುಂದೆ ಆತನ ಕಥೆಗಳಲ್ಲಿ ಹಬ್ಬದೊಡನೆ ಹಿಮವೂ ಬೀಳುವುದಕ್ಕೆ ಇದು ಕಾರಣವಾಗಿರಬಹುದೆಂದು ಬಲ್ಲವರು ಹೇಳುತ್ತಾರೆ.

ಕುಟುಂಬವು ೧೮೨೨ರಲ್ಲಿ ಲಂಡನ್ನಿಗೆ ಬಂದಿತು. ಸಾಲ ಬೆಳೆಯಿತು. ೧೮೨೪ರ ಫೆಬ್ರವರಿಯಲ್ಲಿ, ಹನ್ನೆರಡು ವರ್ಷ ತುಂಬಿದ್ದ ಹುಡುಗನನ್ನು ಶಾಲೆಗೆ ಕಳುಹಿಸುವ ಬದಲು ಥೇಮ್ಸ್ ನದಿಯ ದಡದ ಒಂದು ಬೂಟುಪಾಲಿಷಿನ ಕಾರ್ಖಾನೆಗೆ ಕಳುಹಿಸಿದರು. ಇಲಿಗಳು ಓಡಾಡುವ ಹಳೆಯ ಕಟ್ಟಡದಲ್ಲಿ ದಿನಕ್ಕೆ ಹತ್ತು ಗಂಟೆ ಕುಳಿತು ಪಾಲಿಷಿನ ಕುಡಿಕೆಗಳಿಗೆ ಚೀಟಿ ಅಂಟಿಸುವ ಕೆಲಸ. ವಾರಕ್ಕೆ ಆರು ಷಿಲಿಂಗ್ ಕೂಲಿ. ಆಗ ಇಪ್ಪತ್ತು ಷಿಲಿಂಗ್ ಸೇರಿದರೆ ಒಂದು ಪೌಂಡಾಗುತ್ತಿತ್ತು. ಅದೇ ತಿಂಗಳಲ್ಲಿ ತಂದೆಯನ್ನು ನಲವತ್ತು ಪೌಂಡಿನ ಸಾಲಕ್ಕಾಗಿ ಮಾರ್ಷಲ್ಸೀ ಸೆರೆಮನೆಗೆ ಹಾಕಿದರು. ಸಾಲ ಕೊಟ್ಟಿದ್ದವನು ಒಬ್ಬ ರೊಟ್ಟಿ ಅಂಗಡಿಯವನು. ಆಗಿನ ಪದ್ಧತಿಯಂತೆ ತಾಯಿಯೂ ಚಿಕ್ಕ ಮಕ್ಕಳೂ ಸೆರೆಮನೆಯೊಳಗೇ ಹೋಗಿ ವಾಸಮಾಡಿದರು. ಚಾರ್ಲ್ಸ್ ಮಾತ್ರ ಹೊರಗೆ ಒಬ್ಬಂಟಿಯಾಗಿ, ತನ್ನ ಆರು ಷಿಲಿಂಗನ್ನು ದಿನದಿನಕ್ಕೆ ಹಂಚಿಕೊಂಡು, ಅರೆಹೊಟ್ಟೆಯಲ್ಲಿ ಬೀದಿ ಸುತ್ತಿದನು. ಮೂರು ತಿಂಗಳ ನಂತರ ತಂದೆ ಬಿಡುಗಡೆಯಾದನು. ಅನಂತರವೂ ಮಗನು ಕೆಲಸ ಬಿಡಬಾರದೆಂದು ತಾಯಿ ಬಯಸಿದಳು. ಆ ನೋವನ್ನು ಡಿಕನ್ಸನು ಕೊನೆಯವರೆಗೂ ಮರೆಯಲಿಲ್ಲ. ತನ್ನ ಮಕ್ಕಳಿಗೂ ತಿಳಿಸದೆ, ಮಿತ್ರನಾದ ಜಾನ್ ಫಾರ್‌ಸ್ಟರನಿಗೆ ಮಾತ್ರ ಹೇಳಿದ ಈ ಸಂಗತಿ ಲೋಕಕ್ಕೆ ಗೊತ್ತಾದುದು ಆತನು ಸತ್ತ ಮೇಲೆ, ಫಾರ್‌ಸ್ಟರನು ಬರೆದ ಚರಿತ್ರೆಯಿಂದ.

ಮುಂದೆ ಎರಡು ಮೂರು ವರ್ಷಗಳ ಶಾಲೆ. ಹದಿನೈದನೆಯ ವಯಸ್ಸಿಗೆ ವಕೀಲರೊಬ್ಬರ ಕಛೇರಿಯಲ್ಲಿ ಗುಮಾಸ್ತಗಿರಿ. ಸ್ವಂತ ಶ್ರಮದಿಂದ ಶೀಘ್ರಲಿಪಿ ಕಲಿತು ಪಾರ್ಲಿಮೆಂಟಿನ ವರದಿಗಾರಿಕೆ. ಪತ್ರಿಕೆಗಳಿಗೆ ಬರೆದ ಚಿತ್ರಗಳು ೧೮೩೬ರಲ್ಲಿ ಪುಸ್ತಕವಾದುವು. ಅವುಗಳಲ್ಲಿ ಕ್ರಿಸ್‌ಮಸ್ ಊಟವನ್ನು ಕುರಿತ ಪ್ರಬಂಧವೊಂದಿದೆ. ಅದೇ ವರ್ಷ ಆರಂಭವಾದ ‘ಪಿಕ್‌ವಿಕ್ ಪೇಪರ್ಸ್’ ತಿಂಗಳು ತಿಂಗಳೂ ಬಿಡಿ ಸಂಚಿಕೆಗಳಲ್ಲಿ ಬಂದು, ಇಪ್ಪತ್ತೈದು ತುಂಬುವಷ್ಟರಲ್ಲಿ ಅವನನ್ನು ದೇಶಪ್ರಸಿದ್ಧನನ್ನಾಗಿ ಮಾಡಿತು. ಅದರಲ್ಲಿಯೂ ಹಳ್ಳಿಯ ಮನೆಯೊಂದರ ಕ್ರಿಸ್‌ಮಸ್ ಸಡಗರ ಬರುತ್ತದೆ. ಅದೇ ಇಸವಿಯಲ್ಲಿ ಕ್ಯಾಥರಿನ್ ಹೋಗಾರ್ತಳೊಡನೆ ಮದುವೆಯಾಯಿತು. ಮುಂದೆ ಹತ್ತು ಮಕ್ಕಳಾದರು.

೧೮೪೩ನೆಯ ವರ್ಷ ಆತನ ಬಾಳಿನಲ್ಲಿ ಮುಖ್ಯವಾದುದು. ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಸ್ಥಿತಿಯನ್ನು ವಿಚಾರಿಸಿದ ಸರಕಾರಿ ಆಯೋಗದ ವರದಿಯನ್ನು ಆತನು ಆ ವರ್ಷ ಓದಿದನು. ಬೂಟುಪಾಲಿಷಿನ ಕುಡಿಕೆಗಳ ನೆನಪಿದ್ದವನಿಗೆ ಅದು ಬರಿಯ ವರದಿಯಾಗಿ ಕಾಣಲು ಸಾಧ್ಯವೇ? ಬಡಮಕ್ಕಳ ಪರವಾಗಿ ಒಂದು ಕಿರುಹೊತ್ತಿಗೆ ಬರೆಯಬೇಕೆಂದು ಯೋಚಿಸಿದನು; ಆಮೇಲೆ ಆ ಯೋಚನೆಯನ್ನು ಕೈಬಿಟ್ಟನು. ಸೆಪ್ಟೆಂಬರಿನಲ್ಲಿ ಲಂಡನ್ನಿನ ಚಿಂದಿ ಬಟ್ಟೆಯ ಮಕ್ಕಳ ಧರ್ಮಶಾಲೆಯೊಂದನ್ನು ನೋಡಿಬಂದನು. ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನ ಕಾರ್ಮಿಕರ ವಿದ್ಯಾಸಂಸ್ಥೆಗಾಗಿ ಭಾಷಣಮಾಡಿದನು. ಅಂಕಿಅಂಶಗಳ ಹೊತ್ತಿಗೆಗಿಂತ ಕಥೆಯೇ ಜನರ ಹೃದಯವನ್ನು ಮುಟ್ಟೀತೆಂದು ನಿರ್ಧರಿಸಿ, ರಾತ್ರಿಗಳಲ್ಲಿ ಮೈಲಿಗಟ್ಟಲೆ ನಡೆಯುತ್ತ, ಸುಮಾರು ಆರು ವಾರಗಳಲ್ಲಿ ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂಬ ಪುಟ್ಟ ಪುಸ್ತಕವನ್ನು ಮುಗಿಸಿದನು.

ಕಥೆ ಅನೇಕರಿಗೆ ತಿಳಿದಿದೆ. ಸ್ಕ್ರೂಜ್ ಎಂಬ ಜಿಪುಣ ಲೇವಾದೇವಿಗಾರ. ಅವನಲ್ಲಿ ವಾರಕ್ಕೆ ಹದಿನೈದು ಷಿಲಿಂಗಿಗೆ ದುಡಿಯುವ ಗುಮಾಸ್ತ ಬಾಬ್ ಕ್ರ್ಯಾಚಿಟ್. ಆ ಗುಮಾಸ್ತನ ಕುಂಟ ಮಗು. ಹಬ್ಬದ ಹಿಂದಿನ ರಾತ್ರಿ ಸತ್ತ ಪಾಲುದಾರನ ಪ್ರೇತವೂ, ಭೂತ ವರ್ತಮಾನ ಭವಿಷ್ಯಗಳ ಮೂರು ಚೇತನಗಳೂ ಬಂದು ಸ್ಕ್ರೂಜನಿಗೆ ಅವನ ಬಾಳನ್ನೇ ತೋರಿಸುತ್ತವೆ. ಬೆಳಗಾದಾಗ ಅವನು ಬೇರೆ ಮನುಷ್ಯನಾಗಿರುತ್ತಾನೆ. ಗುಮಾಸ್ತನ ಮನೆಗೆ ದೊಡ್ಡ ಟರ್ಕಿ ಕೋಳಿ ಹೋಗುತ್ತದೆ, ಸಂಬಳ ಹೆಚ್ಚುತ್ತದೆ. ಸಂಬಳ ಹೆಚ್ಚುತ್ತದೆಂಬುದನ್ನು ಓದುಗರು ಗಮನಿಸಬೇಕು. ಒಂದು ದಿನದ ಊಟ ಕೊಟ್ಟು ಕೈತೊಳೆದುಕೊಳ್ಳುವ ದಾನ ಡಿಕನ್ಸನಿಗೆ ಸಾಲದು.

ಪುಸ್ತಕವು ೧೮೪೩ರ ಡಿಸೆಂಬರ್ ೧೯ರಂದು ಹೊರಬಂದು, ಹಬ್ಬದ ಮುನ್ನಾದಿನದೊಳಗೆ ಆರು ಸಾವಿರ ಪ್ರತಿಗಳು ಮಾರಾಟವಾದುವು. ಆದರೂ ಲೇಖಕನಿಗೆ ಕೈತುಂಬ ಹಣ ಬರಲಿಲ್ಲ. ಬಣ್ಣದ ಚಿತ್ರಗಳಿಗೂ ಅಂದವಾದ ರಟ್ಟಿಗೂ ತಾನೇ ಖರ್ಚು ಹೊತ್ತು, ಬೆಲೆಯನ್ನು ಮಾತ್ರ ಐದು ಷಿಲಿಂಗಿಗೆ ಇಟ್ಟಿದ್ದನು. ಸಾವಿರ ಪೌಂಡು ನಿರೀಕ್ಷಿಸಿದ್ದವನಿಗೆ ಮೊದಲ ಮುದ್ರಣದಿಂದ ಬಂದುದು ಸುಮಾರು ಇನ್ನೂರ ಮೂವತ್ತು. ಕದ್ದು ಅಚ್ಚುಹಾಕಿದವರ ಮೇಲೆ ದಾವೆಹೂಡಿ ಗೆದ್ದನು, ಅವರು ದಿವಾಳಿಯೆದ್ದರು, ಸುಮಾರು ಏಳುನೂರು ಪೌಂಡುಗಳ ನ್ಯಾಯಾಲಯದ ಖರ್ಚು ಗೆದ್ದವನ ತಲೆಗೇ ಬಂದಿತು!

ಡಿಕನ್ಸನೇ ಕ್ರಿಸ್‌ಮಸ್ಸನ್ನು ಸೃಷ್ಟಿಸಿದನೆಂದು ಕೆಲವರು ಹೇಳುವುದುಂಟು. ಅದು ಅತ್ಯುಕ್ತಿ. ‘ಕ್ಯಾರಲ್’ ಪುಸ್ತಕದಲ್ಲಿ ಕ್ರಿಸ್‌ಮಸ್ ಮರವೇ ಇಲ್ಲ. ಮರವು ಜರ್ಮನಿಯಿಂದ ಬಂದುದು. ೧೮೦೦ರಲ್ಲಿ ಷಾರ್ಲೆಟ್ ರಾಣಿ ವಿಂಡ್ಸರಿನಲ್ಲಿ ಅದನ್ನು ನಿಲ್ಲಿಸಿದ್ದಳು. ವಿಕ್ಟೋರಿಯ ರಾಣಿ, ಪತಿ ಆಲ್ಬರ್ಟ್ ಮತ್ತು ಮಕ್ಕಳು ಮರದ ಸುತ್ತ ನಿಂತ ಚಿತ್ರ ೧೮೪೮ರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಅದು ಮನೆಮನೆಯ ಪದ್ಧತಿಯಾಯಿತು. ಡಿಕನ್ಸನು ೧೮೫೦ರಲ್ಲಿ ತನ್ನ ವಾರಪತ್ರಿಕೆಯಲ್ಲಿ ಆ ಮರವನ್ನು ಕುರಿತು ಬರೆದಾಗಲೂ ಅದನ್ನು ಜರ್ಮನರ ವಸ್ತುವೆಂದೇ ಪರಿಗಣಿಸಿದನು. ಶುಭಾಶಯ ಪತ್ರವನ್ನು ಹೆನ್ರಿ ಕೋಲ್ ಎಂಬಾತನು ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಬರೆಯಿಸಿ ಅಚ್ಚು ಹಾಕಿಸಿದುದೂ ೧೮೪೩ರಲ್ಲಿಯೇ. ೧೮೪೦ರಲ್ಲಿ ಬಂದ ಒಂದು ಪೆನ್ನಿಯ ಅಂಚೆ ಅದಕ್ಕೆ ಹಾದಿಮಾಡಿತು. ಸಾಂಟಾ ಕ್ಲಾಸನು ಮೈರಾ ಊರಿನ ಸಂತ ನಿಕೊಲಾಸನಿಂದ ಹುಟ್ಟಿ, ಡಚ್ಚರ ಮೂಲಕ ನ್ಯೂಯಾರ್ಕನ್ನು ಸೇರಿ, ಅಮೆರಿಕದಲ್ಲಿ ಈಗಿನ ರೂಪವನ್ನು ತಾಳಿದವನು. ಡಿಕನ್ಸನು ಕೊಟ್ಟದ್ದು ಸಾಮಗ್ರಿಯನ್ನಲ್ಲ, ಭಾವವನ್ನು. ಹನ್ನೆರಡು ದಿನಗಳ ಜಮೀನ್ದಾರನ ಔತಣವನ್ನು ಒಂದು ದಿನದ ಮನೆಯ ಊಟವನ್ನಾಗಿ, ಪಟ್ಟಣದ ಗುಮಾಸ್ತನೂ ಮಾಡಬಲ್ಲ ಹಬ್ಬವನ್ನಾಗಿ ಆತನು ಚಿತ್ರಿಸಿದನು. ಬಡವನ ನೆನಪನ್ನು ಅದರೊಳಕ್ಕೆ ಸೇರಿಸಿದನು.

ಅನಂತರ ೧೮೪೪ರಿಂದ ೧೮೪೮ರವರೆಗೆ ಇನ್ನೂ ನಾಲ್ಕು ಕ್ರಿಸ್‌ಮಸ್ ಪುಸ್ತಕಗಳು ಬಂದುವು; ೧೮೬೭ರವರೆಗೆ ತನ್ನ ಪತ್ರಿಕೆಗಳ ಹಬ್ಬದ ವಿಶೇಷ ಸಂಚಿಕೆಗಳನ್ನು ಹೊರತಂದನು. ೧೮೫೩ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಪುರಭವನದಲ್ಲಿ ಒಂದು ವಿದ್ಯಾಸಂಸ್ಥೆಯ ಸಹಾಯಾರ್ಥವಾಗಿ ‘ಕ್ಯಾರಲ್’ ಅನ್ನು ತಾನೇ ಓದಿದನು. ಕೂಲಿಗಾರರಿಗಾಗಿ ಆರು ಪೆನ್ನಿಯ ಪ್ರವೇಶದರದಲ್ಲಿ ಒಂದು ವಾಚನ ನಡೆಯಬೇಕೆಂಬುದು ಆತನ ಷರತ್ತು. ನಮ್ಮ ಗಮಕಿಗಳು ಭಾರತವನ್ನು ವಾಚಿಸುವಾಗ ಸೇರುವಂತೆ ಜನ ಸೇರಿದರು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಭಾರತೀಯರಾದ ನಾವು ಸತ್ಯಕ್ಕೆ ಅಪಚಾರ ಮಾಡಿದಂತಾಗುತ್ತದೆ. ೧೮೫೭ರ ದಂಗೆಯ ಸುದ್ದಿ ತಲಪಿದಾಗ, ಡಿಕನ್ಸನು ತನ್ನ ಖಾಸಗಿ ಪತ್ರವೊಂದರಲ್ಲಿ ನಮ್ಮ ಜನರ ಮೇಲೆ ಕ್ರೂರವಾದ ಮಾತುಗಳನ್ನು ಬರೆದನು. ಆ ವರ್ಷದ ಕ್ರಿಸ್‌ಮಸ್ ಸಂಚಿಕೆಯ ಕಥೆಯೂ ಆ ದಂಗೆಯ ಪ್ರೇರಣೆಯಿಂದಲೇ ಹುಟ್ಟಿದ್ದು. ಅದರಲ್ಲಿ ಕ್ರಿಸ್‌ಮಸ್ಸಿನ ಕರುಣೆಗಿಂತ ಆಂಗ್ಲರ ಶೌರ್ಯದ ಹೊಗಳಿಕೆಯೇ ಹೆಚ್ಚು. ಲಂಡನ್ನಿನ ಬಡಮಗುವಿಗಾಗಿ ಕರಗಿದ ಹೃದಯ ಗಂಗಾತೀರದವರೆಗೆ ಹರಿಯಲಿಲ್ಲ. ಅದೇ ವರ್ಷ ಆತನ ಮಗ ವಾಲ್ಟರನು ಹದಿನಾರನೆಯ ವಯಸ್ಸಿನಲ್ಲಿ ಕಂಪನಿಯ ಸೈನ್ಯವನ್ನು ಸೇರಲು ಇಲ್ಲಿಗೆ ಬಂದಿದ್ದನು. ೧೮೬೩ರ ಡಿಸೆಂಬರ್ ೩೧ರಂದು, ಕ್ರಿಸ್‌ಮಸ್ ಕಳೆದು ಆರು ದಿನಗಳಿಗೆ, ಆ ಯುವಕನು ಕಲ್ಕತ್ತೆಯಲ್ಲಿ ತೀರಿಕೊಂಡನು. ಅಜ್ಜನಂತೆ ಅವನಿಗೂ ಸಾಲವಿತ್ತು. ಸುದ್ದಿ ತಂದೆಗೆ ತಲಪಿದುದು ಆತನ ಹುಟ್ಟುಹಬ್ಬದ ದಿನ.

ಗೃಹಸೌಖ್ಯವನ್ನು ಅಷ್ಟು ಹಾಡಿದವನ ಮನೆಯೂ ಉಳಿಯಲಿಲ್ಲ. ೧೮೫೮ರಲ್ಲಿ ಪತ್ನಿಯಿಂದ ಬೇರ್ಪಟ್ಟನು. ೧೮೬೫ರಲ್ಲಿ ರೈಲು ಅಪಘಾತವೊಂದರಿಂದ ಪಾರಾದರೂ ಆರೋಗ್ಯ ಮತ್ತೆ ಸರಿಯಾಗಲಿಲ್ಲ. ೧೮೭೦ರ ಮಾರ್ಚಿಯಲ್ಲಿ ಲಂಡನ್ನಿನಲ್ಲಿ ಕೊನೆಯ ವಾಚನಮಾಡಿದಾಗಲೂ ಆರಿಸಿಕೊಂಡುದು ‘ಕ್ಯಾರಲ್’ ಮತ್ತು ‘ಪಿಕ್‌ವಿಕ್’ ಭಾಗಗಳನ್ನೇ. ಜೂನ್ ೯ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ಕಾಲವಾದನು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಆತನ ಸಮಾಧಿಯಿದೆ.

ನಮ್ಮ ಮೈಸೂರಿನಲ್ಲಿ, ೧೯೩೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವಿಟ್ಟ ಸಂತ ಫಿಲೋಮಿನಾ ಚರ್ಚಿನಲ್ಲಿ ಪ್ರತಿ ಡಿಸೆಂಬರಿನಲ್ಲಿಯೂ ಗೋದಲಿಯನ್ನು ಕೂರಿಸುತ್ತಾರೆ. ಅದು ಇಂಗ್ಲೆಂಡಿನ ಪದ್ಧತಿಯಲ್ಲ. ಇಟಲಿಯಲ್ಲಿ ಸಂತ ಫ್ರಾನ್ಸಿಸನು ೧೨೨೩ರಲ್ಲಿ ಏರ್ಪಡಿಸಿದ ದೃಶ್ಯದಿಂದ ಹರಡಿದ್ದು. ದಸರೆಯ ಬೊಂಬೆಗಳನ್ನು ನೋಡಿ ಬೆಳೆದ ಕಣ್ಣಿಗೆ ಅದು ಪರಕೀಯವೆನಿಸುವುದಿಲ್ಲ. ಹಬ್ಬದ ಹೊರ ಅಲಂಕಾರ ಎಲ್ಲಿಂದಲಾದರೂ ಬರಬಹುದು. ಆದರೆ ಡಿಕನ್ಸನು ಕೇಳಿದ ಪ್ರಶ್ನೆ ಎಲ್ಲ ಹಬ್ಬಗಳಿಗೂ ಸಲ್ಲುತ್ತದೆ: ಈ ದಿನ ಊಟವಿಲ್ಲದವನು ಯಾರು, ನಾಳೆ ಅವನ ಗತಿಯೇನು? ಇದೇ ಊರಿನಲ್ಲಿ ಹಿಂದೆ ಎಷ್ಟೋ ಬಡ ವಿದ್ಯಾರ್ಥಿಗಳು ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆಯೆಂದು ವಾರಾನ್ನದಿಂದ ಓದಿ ದೊಡ್ಡವರಾದರು. ಅನ್ನವಿಟ್ಟ ಆ ತಾಯಂದಿರು ಒಂದು ಹಬ್ಬದ ದಿನ ಮಾತ್ರ ಇಕ್ಕಿ ನಿಲ್ಲಿಸಲಿಲ್ಲ; ಹುಡುಗನ ಓದು ಮುಗಿಯುವವರೆಗೆ ವಾರವಾರವೂ ಇಕ್ಕಿದರು. ಆದರೆ ಆ ಪಂಕ್ತಿಯಲ್ಲಿಯೂ ಜಾತಿಯ ಗೆರೆ ಇತ್ತು. ಎಲ್ಲ ಬಡ ಹುಡುಗರಿಗೂ ಆ ಬಾಗಿಲುಗಳು ತೆರೆದಿರಲಿಲ್ಲ. ಡಿಕನ್ಸನ ಕರುಣೆಗಿದ್ದಂತೆ ನಮ್ಮ ಕರುಣೆಗೂ ಎಲ್ಲೆಯಿತ್ತು. ಆ ಎಲ್ಲೆಯನ್ನು ದಾಟಿ ಉಣಬಡಿಸುವ ಕೆಲಸ ವಿದ್ಯಾವಂತರಾದ ನಮ್ಮ ಪಾಲಿಗೆ ಉಳಿದಿದೆ.