ಟಿಮ್ ಹಾರ್ಟನ್: ಹೆಸರು ಉಳಿಯಿತು, ಆಟಗಾರ ಮರೆಯಾದ

ಕೆನಡಾಕ್ಕೆ ಓದಲು, ದುಡಿಯಲು ಹೋದ ನಮ್ಮ ಮಕ್ಕಳಿಗೆ ಟಿಮ್ ಹಾರ್ಟನ್ಸ್ ಕಾಫಿ ಅಂಗಡಿ ಗೊತ್ತಿಲ್ಲದೆ ಇರದು. 2022ರಲ್ಲಿ ಅದು ಭಾರತಕ್ಕೂ ಕಾಲಿಟ್ಟಿತು. ಆದರೆ ಅದು ಒಬ್ಬ ಐಸ್ ಹಾಕಿ ಆಟಗಾರನ ಹೆಸರು ಎಂಬುದು ಬಹಳಷ್ಟು ಜನರಿಗೆ ತಿಳಿದಿಲ್ಲ.

ಟಿಮ್ ಹಾರ್ಟನ್ ಹುಟ್ಟಿದ್ದು 1930ರ ಜನವರಿ 12ರಂದು, ಉತ್ತರ ಒಂಟಾರಿಯೊದ ಕಾಕ್ರೇನ್ ಎಂಬ ಪುಟ್ಟ ಊರಿನಲ್ಲಿ. ತಂದೆ ರೈಲ್ವೆ ನೌಕರ. ಟೊರಾಂಟೊ ಮೇಪಲ್ ಲೀಫ್ಸ್ ತಂಡ ಸೇರಿದ ಹಾರ್ಟನ್, ಎದುರಾಳಿಗಳನ್ನು ಗೋಲಿನ ಬಳಿ ಸುಳಿಯಲು ಬಿಡದ ರಕ್ಷಣಾ ಆಟಗಾರನಾಗಿ ಬೆಳೆದರು. 1955ರಲ್ಲಿ ಮೈದಾನದಲ್ಲೇ ಕಾಲು, ದವಡೆ ಎರಡೂ ಮುರಿದವು. ಆದರೂ ಮರಳಿ ಬಂದರು. ಅಸಾಧಾರಣ ಬಲಶಾಲಿ, ಆದರೆ ಜಗಳಗಂಟನಲ್ಲ. ಹೊಡೆದಾಟಕ್ಕೆ ಬಂದವರನ್ನು ಕರಡಿಯಂತೆ ಬಿಗಿದಪ್ಪಿ ಸುಮ್ಮನಾಗಿಸುವುದೇ ಅವರ ಪದ್ಧತಿಯಾಗಿತ್ತು. 1962, 63, 64 ಮತ್ತು 67ರಲ್ಲಿ ಸ್ಟಾನ್ಲಿ ಕಪ್ ಗೆದ್ದ ತಂಡದಲ್ಲಿ ಅವರಿದ್ದರು. 1961ರಿಂದ 1968ರ ತನಕ ಸತತ 486 ಲೀಗ್ ಪಂದ್ಯ ಆಡಿದರು. ರಕ್ಷಣಾ ಆಟಗಾರರಲ್ಲಿ ಈ ದಾಖಲೆ 2007ರ ತನಕ ಅಳಿಯಲಿಲ್ಲ.

ಆಗ ಆಟಗಾರರಿಗೆ ಈಗಿನಂತೆ ಕೋಟಿಗಟ್ಟಲೆ ಸಂಬಳ ಇರಲಿಲ್ಲ. ಹೆಂಡತಿ, ನಾಲ್ವರು ಹೆಣ್ಣುಮಕ್ಕಳ ಸಂಸಾರ. ಆಟ ಮುಗಿದ ಮೇಲೆ ಜೀವನಕ್ಕೆ ದಾರಿ ಬೇಕಲ್ಲ? 1964ರಲ್ಲಿ ಹ್ಯಾಮಿಲ್ಟನ್ ನಗರದಲ್ಲಿ ಡೋನಟ್ ಅಂಗಡಿ ತೆರೆದರು. ಮಾಜಿ ಪೊಲೀಸ್ ರಾನ್ ಜಾಯ್ಸ್ 1967ರಲ್ಲಿ ಪಾಲುದಾರರಾದರು.

1974ರ ಫೆಬ್ರವರಿ 20ರ ರಾತ್ರಿ ಬಫಲೊ ತಂಡದ ಪರವಾಗಿ ಟೊರಾಂಟೊದಲ್ಲಿ ಆಡಿದ ಹಾರ್ಟನ್, ಒಬ್ಬರೇ ಕಾರಿನಲ್ಲಿ ಹಿಂದಿರುಗಿದರು. ನಸುಕಿನಲ್ಲಿ ಸೇಂಟ್ ಕ್ಯಾಥರಿನ್ಸ್ ಬಳಿ ಅತಿವೇಗದ ಕಾರು ಉರುಳಿತು. ಸೀಟ್ ಬೆಲ್ಟ್ ಕಟ್ಟಿರಲಿಲ್ಲ. ವಯಸ್ಸು 44. ಅವರು ಮಿತಿಗಿಂತ ಎರಡು ಪಟ್ಟು ಮದ್ಯ ಸೇವಿಸಿದ್ದರೆಂಬುದು 2005ರಲ್ಲಷ್ಟೇ ಹೊರಬಿತ್ತು. 24 ಋತುಗಳಲ್ಲಿ 1,446 ಲೀಗ್ ಪಂದ್ಯ ಆಡಿದ ದೇಹ ರಸ್ತೆಯಲ್ಲಿ ಸೋತಿತು.

ಆಗ ಸುಮಾರು 40 ಅಂಗಡಿಗಳಿದ್ದವು. ಮರುವರ್ಷ ಪತ್ನಿ ಲೋರಿ ತಮ್ಮ ಪಾಲನ್ನು ಹತ್ತು ಲಕ್ಷ ಡಾಲರಿಗೆ ಜಾಯ್ಸ್ ಅವರಿಗೆ ಮಾರಿದರು. ವ್ಯಾಪಾರ ನೂರಾರು ಅಂಗಡಿಗಳಿಗೆ ಬೆಳೆದಾಗ ನ್ಯಾಯಾಲಯಕ್ಕೆ ಹೋದರು, ಆದರೆ ಗೆಲ್ಲಲಿಲ್ಲ.

1977ರಲ್ಲಿ ಹಾಕಿಯ ಹಾಲ್ ಆಫ್ ಫೇಮ್ ಹಾರ್ಟನ್ ಅವರನ್ನು ಗೌರವಿಸಿತು. ಸಂಸಾರಕ್ಕೆ ಆಸರೆಯಾಗಲೆಂದು ತೆರೆದ ಅಂಗಡಿ ಸಂಸಾರದ ಕೈತಪ್ಪಿತು. ಅಂಗಡಿಯ ಫಲಕದ ಮೇಲೆ ಮಾತ್ರ ಅವರ ಹೆಸರು ಇಂದಿಗೂ ಇದೆ.